ಗುಂಡಿಪಟ್ಟಿಯಿಲ್ಲದ ಅಂಗಿ

"ನೋಡ್ತಾ ಇರು, ನಾಳೆಯಿಂದ ಈ ಊರು ನನ್ನನ್ನ ನೋಡೋ ರೀತೀನೇ ಬೇರೆ!" ಎಂದು ಗಡಿಯಾರದಂಗಡಿಯ ಯಜಮಾನರು ಹೊಲಿಗೆ ಯಂತ್ರದ ಮುಂದೆ ಎದೆಯುಬ್ಬಿಸಿ ಕೂತರು.

ಬಟಾಣಿ ಸುಲಿಯುತ್ತಿದ್ದ ಮನೆಯಾಕೆ ತಲೆ ಎತ್ತಲಿಲ್ಲ. "ಮೊದಲು ಸೂಜಿಗೆ ದಾರ ಪೋಣಿಸಿ."

ಸಂಗತಿ ಇಷ್ಟೇ. ಊರಿನ ಹಳೆಯ ಅಂಗಡಿಗಳ ಬಗ್ಗೆ ಬರೆಯಲು ಅಂದು ಸಂಜೆ ಪತ್ರಿಕೆಯವನು ಬಂದು ಯಜಮಾನರ ಫೋಟೋ ತೆಗೆಯುವವನಿದ್ದ. ಜನ್ಮವಿಡೀ ಇನ್ಯಾರೋ ಮಾಡಿದ ಗಡಿಯಾರಗಳ ಹೊಟ್ಟೆ ಬಗೆದು ಮುಚ್ಚಿದ್ದೇ ಆಯಿತು. ಇದು ಇವರೇ ಮಾಡಿದ್ದು ಎಂದು ಯಾರೂ ಯಾವುದನ್ನೂ ಬೊಟ್ಟು ಮಾಡಿದ್ದಿಲ್ಲ. ಜನ "ರಿಪೇರಿಯವರು" ಎಂದು ಕರೆದಾಗಲೆಲ್ಲ ಅವರಿಗೆ ಒಳಗೊಳಗೇ ಚುರುಕ್ಕೆನ್ನುತ್ತಿತ್ತು. ತಾವೇ ಹೊಲಿದ ಅಂಗಿಯಲ್ಲಿ ಫೋಟೋ ಬಂದರೆ ಆ ಕಳಂಕ ತೊಳೆದು ಹೋಗುತ್ತದೆ!

ಮನೆಯಾಕೆಯ ಪೆಟ್ಟಿಗೆಯಲ್ಲಿ ಅಂಗಿಯ ಕಾಗದದ ಪ್ಯಾಟರ್ನ್ ಇತ್ತು. ತೀರಾ ಸಾದಾ ಅಂಗಿ. ತಲೆಯ ಮೇಲಿಂದ ತೊಡುವುದು, ದುಂಡು ಕೊರಳು, ಎದೆಯ ಮೇಲೆ ಗೇಣುದ್ದದ ಸೀಳು, ಅದಕ್ಕೆ ಗುಂಡಿಪಟ್ಟಿ. ಯಜಮಾನರು ಅದರೊಳಗೆ ತಮ್ಮ ಬಾಳನ್ನೇ ತುಂಬಲು ಹೊರಟರು. ಅಂಗಿಯ ಕೊರಳೇ ಗಡಿಯಾರ. ಸುತ್ತ ಕೆಂಪು ದಾರದಲ್ಲಿ ಹನ್ನೆರಡು ಗಂಟೆಯ ಗುರುತುಗಳು. ನಟ್ಟನಡುವೆ ಮುಳ್ಳುಗಳ ಬದಲು ಸಾಕ್ಷಾತ್ ಯಜಮಾನರ ಮುಖಾರವಿಂದ!

"ಗುಂಡಿಪಟ್ಟಿ ಎಲ್ಲಿ ಹೋಯ್ತು ರೀ?"

"ತೆಗೆದುಬಿಟ್ಟೆ. ಸರಿಯಾಗಿ ಆರು ಗಂಟೆ ಮೇಲೇ ಸೀಳು ಬರುತ್ತೆ ಕಣೇ! ಡಯಲ್ಲು ಬಿರುಕು ಬಿಟ್ಟಿರೋ ಗಡಿಯಾರಾನ ಯಾರಾದ್ರೂ ಗೋಡೆಗೆ ಹಾಕ್ತಾರಾ?"

"ಅಲ್ಲಾ ರೀ, ಅದು ಅಲ್ಲಿರೋದಕ್ಕೂ ಒಂದು ಕಾರಣ..."

"ಕಲೆಯ ವಿಷಯಕ್ಕೆ ಬಾಯಿ ಹಾಕಬೇಡ!"

ಆಕೆ ಬಾಯಿ ಹಾಕಲಿಲ್ಲ. ಬಾಯಿಗೆ ಎರಡು ಬಟಾಣಿ ಹಾಕಿಕೊಂಡಳು.

ಗಡಿಯಾರಕ್ಕೆ ಗಾಜು ಕೂರಿಸಿ ಪಳಗಿದ ಕೈ ಅದು. ಕೂದಲೆಳೆಯಷ್ಟು ಸಂದನ್ನೂ ಸಹಿಸದು. ಯಜಮಾನರು ಉಸಿರು ಬಿಗಿಹಿಡಿದು ಕುತ್ತಿಗೆಗೆ ಟೇಪು ಸುತ್ತಿದರು, ಎಷ್ಟು ಬಂತೋ ಅಷ್ಟಕ್ಕೇ ಬಟ್ಟೆ ಕತ್ತರಿಸಿದರು. ಕುತ್ತಿಗೆಗೆ ಹೋಗುವ ದಾರಿಯಲ್ಲಿ ತಲೆ ಅಂತ ಒಂದಿದೆ ಎಂಬುದು ಮಾತ್ರ ಅವರಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಸಂಜೆ, ಪತ್ರಿಕೆಯವನು ಹೊರಗೆ ಬಾಗಿಲು ತಟ್ಟುತ್ತಿದ್ದಾಗ. ತೋಳುಗಳೇನೋ ಸಲೀಸಾಗಿ ತೂರಿದವು. ಆದರೆ ಹನ್ನೆರಡು ಗಂಟೆಗಳ ನಡುವೆ ಬೋಳು ನೆತ್ತಿ ಒಂದಿಷ್ಟು ಇಣುಕಿ ಅಲ್ಲೇ ನಿಂತಿತು. ಎಷ್ಟು ಜಗ್ಗಿದರೂ ಹಣೆ ಬರಲೊಲ್ಲದು!

"ತೆಗೆದುಬಿಡಿ ರೀ. ದಿನಾ ಹಾಕ್ಕೊಳ್ಳೋದನ್ನೇ ಹಾಕ್ಕೊಳ್ಳಿ."

"ಆಗಲ್ಲ!" ಬಟ್ಟೆಯೊಳಗಿಂದ ಧ್ವನಿ ಬಂತು. "ಇದೊಂದು ತಪ್ಪಿಹೋದ್ರೆ ಸಾಯೋ ತನಕ ನಾನು ರಿಪೇರಿಯವನೇ."

ಮನೆಯಾಕೆಗೆ ನಗು ಉಕ್ಕಿ ಬಂತು, ಹಿಂದೆಯೇ ಅಯ್ಯೋ ಪಾಪ ಅನ್ನಿಸಿತು. "ಒಂದು ನಿಮಿಷ ಕೂತಿರಪ್ಪಾ, ಬಂದ್ರು!" ಎಂದು ಬಾಗಿಲಿಗೆ ಕೂಗಿ ಹೇಳಿ ಕತ್ತರಿ ತಂದಳು.

"ಏ, ಏನು ಮಾಡ್ತಿದ್ದೀಯೇ?"

"ಅಲುಗಾಡಬೇಡಿ. ಮೂಗು ಅಲ್ಲೇ ಇದೆ."

ಆರು ಗಂಟೆಯ ಮೇಲೆ ಕಚಕ್ಕೆಂದು ಕತ್ತರಿ ಬಿತ್ತು. ಯಜಮಾನರ ಮುಖ ಬೆವರುತ್ತ ಹೊರಬಂತು. ಆಕೆ ಸೀಳಿನ ಅಂಚನ್ನು ಒಳಗೆ ಮಡಚಿ, ನಿಂತಲ್ಲೇ ಸೂಜಿ ಆಡಿಸಿ, ಮೂರು ಕೆಂಪು ಗುಂಡಿ ಕೂರಿಸಿಬಿಟ್ಟಳು.

"ಭಲೇ! ಯಾರು ಹೊಲಿದಿದ್ದು ಸರ್?" ಎಂದ ಪತ್ರಿಕೆಯವನು ಕ್ಯಾಮೆರಾ ಎತ್ತುತ್ತ.

"ನಾನೇ!"

"ಆ ಗುಂಡಿಪಟ್ಟಿ ಅಂತೂ ಸೊಗಸಾಗಿದೆ."

ಯಜಮಾನರಿಗೆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಆಕೆ ಇನ್ನೂ ಸೂಜಿ ಹಿಡಿದೇ ನಿಂತಿದ್ದಳು. "ಅದು... ನಾನು ಕೆಡಿಸಿದ್ದನ್ನ ಇವಳು ರಿಪೇರಿ ಮಾಡಿದ್ದು."

ಮರುದಿನ ಪತ್ರಿಕೆಯಲ್ಲಿ ಇಬ್ಬರ ಫೋಟೋವೂ ದೊಡ್ಡದಾಗಿ ಬಂತು. ಯಜಮಾನರು ಆ ಅಂಗಿಯನ್ನೇ ತೊಟ್ಟು ಅಂಗಡಿಯಲ್ಲಿ ಗತ್ತಿನಿಂದ ಕೂತರು. ಮೊದಲ ಗಿರಾಕಿ ನಿಂತುಹೋದ ಗೋಡೆ ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಬಂದ.

"ಬನ್ನಿ ಬನ್ನಿ, ಕೊಡಿ ಇಲ್ಲಿ!"

ಗಿರಾಕಿ ಗಡಿಯಾರವನ್ನು ಇನ್ನಷ್ಟು ಗಟ್ಟಿಯಾಗಿ ಅವಚಿಕೊಂಡು ಒಳಮನೆಯ ಕಡೆ ಕತ್ತು ಚಾಚಿದ. "ಅಮ್ಮಾವ್ರು ಇಲ್ವಾ ಸರ್? ರಿಪೇರಿ ಎಲ್ಲಾ ಅವರೇ ಮಾಡೋದು ಅಂತ ಪೇಪರಲ್ಲಿ ಬಂದಿತ್ತಲ್ಲ!"