ಒಂದು ಗಂಟೆಯ ಅಪ್ಪ

ಸೋತೊ ಹೇಳಿಕಳಿಸಿದ್ದು ಒಂದೇ ಮಾತು: ಮಧ್ಯಾಹ್ನ ಮನೆಗೆ ಬರುತ್ತೇನೆ, ಹುಡುಗನ ಅಪ್ಪನನ್ನು ನೋಡಬೇಕು. ಎಲಿಹಿಯೊನ ತಲೆನೋವು ಅಲ್ಲಿಂದಲೇ ಶುರುವಾಯಿತು.

ಅಮೆರಿಕದ ಬೇಸ್‌ಬಾಲ್ ಕ್ಲಬ್ಬಿಗೆ ಹುಡುಗರನ್ನು ಆರಿಸಿ ಕಳಿಸುವವನು ಈ ಸೋತೊ. ಎಲಿಹಿಯೊನ ಮಗ ಯೆರ್ಲಿನ್‌ನ ಆಟವನ್ನು ಆಗಲೇ ನೋಡಿ ಮೆಚ್ಚಿದ್ದ. ಆದರೆ ಹದಿನಾರರ ಹುಡುಗ ಇಪ್ಪತ್ತೈದಕ್ಕೆ ಹೇಗಾಗುತ್ತಾನೆ ಎಂದು ತಿಳಿಯಲು ಈ ಜನ ಅಪ್ಪನ ಮೈಕಟ್ಟು ನೋಡುತ್ತಾರೆ. ಅವರ ಊರು ಸಾನ್ ಪೆದ್ರೊದಲ್ಲಿ ಇದು ಗೊತ್ತಿಲ್ಲದವರಿಲ್ಲ. ಎಲಿಹಿಯೊ ನೋಡಿದರೆ, ಮೀನು ಕರಿಯುವ ತನ್ನ ಗಾಡಿಯ ಹಿಂದೆ ನಿಂತಾಗ ಟೋಪಿ ಮಾತ್ರ ಕಾಣುವಂಥ ಆಳು.

ಸುದ್ದಿ ಕಿವಿಗೆ ಬಿದ್ದದ್ದೇ ತಡ, ಪಕ್ಕದ ಮನೆಯ ಮುದುಕಿ ದೋನ್ಯಾ ಚೆಯಾ ಬಂದು ಕೂತಳು. "ನಿನ್ನ ನೋಡಿದ್ರೆ ಅವನು ಬಾಗಿಲಿಂದಾನೇ ವಾಪಸ್ ಹೋಗ್ತಾನೆ ಕಣೋ. ತಿಯೋಫಿಲೊನ ಕರೆಸು."

ತಿಯೋಫಿಲೊ ಕಬ್ಬಿನ ಲಾರಿಯ ಡ್ರೈವರ್. ತಲೆ ತಗ್ಗಿಸದೆ ಯಾವ ಬಾಗಿಲನ್ನೂ ದಾಟಿದವನಲ್ಲ. ಒಂದು ಗಂಟೆ ಅಪ್ಪನಾಗಲು ಅವನು ಕೂಡಲೇ ಒಪ್ಪಿದ. ಒಪ್ಪದವಳು ಎಲಿಹಿಯೊನ ಹೆಂಡತಿ ಮಿರೇಯಾ. ಎಲಿಹಿಯೊ ಹಟ ಹಿಡಿದ. ಚಿಕ್ಕಂದಿನಲ್ಲಿ ಇದೇ ಗಿಡ್ಡತನಕ್ಕೆ ಅವನನ್ನು ಮೈದಾನದಿಂದ ಆಚೆ ಕಳಿಸಿದ್ದರು. ಮಗನಿಗೆ ಹಾಗಾಗುವುದನ್ನು ಅವನು ನೋಡಲಾರ.

"ಮರ್ಯಾದೆ ನಾಳೆ ನೋಡ್ಕೊಳ್ಳೋಣ," ಎಂದ. "ಇವತ್ತು ಒಪ್ಪಂದಕ್ಕೆ ಸಹಿ ಆಗ್ಬೇಕು, ಅಷ್ಟೆ."

ಸೋತೊ ಬಂದ. ತಿಯೋಫಿಲೊ ಪಾತ್ರದೊಳಗೆ ಸ್ವಲ್ಪ ಹೆಚ್ಚೇ ಇಳಿದ. ಎಲಿಹಿಯೊನ ಕುರ್ಚಿಯಲ್ಲಿ ಕೂತು, ಎಲಿಹಿಯೊನ ಪಾಲಿನ ಮೀನು ತಿಂದು, ಮಿರೇಯಾಳನ್ನು 'ಲೇ' ಎಂದು ಕರೆದು ಕಾಫಿ ಕೇಳಿದ. ಕಾಫಿ ತಂದದ್ದು ಎಲಿಹಿಯೊ. ಇವರು ಯಾರು ಎಂದು ಸೋತೊ ವಿಚಾರಿಸಿದಾಗ ದೋನ್ಯಾ ಚೆಯಾ, ಮಿರೇಯಾಳ ದೂರದ ನೆಂಟ, ಪಾಪ, ಬೇರೆ ದಿಕ್ಕಿಲ್ಲ ಎಂದು ಲೊಚಗುಟ್ಟಿದಳು. ಹುಡುಗ ಹುಟ್ಟಿದ್ದು ಯಾವಾಗ ಎಂಬ ಪ್ರಶ್ನೆಗೆ ಅಪ್ಪನಿಗೆ ಕೆಮ್ಮು ಬಂತು. ನೆಂಟ ಬಟ್ಟಲು ಎತ್ತುವ ನೆಪದಲ್ಲಿ ಬಗ್ಗಿ ಅವನ ಕಿವಿಯಲ್ಲಿ ಉಸುರಿದ. ಯೆರ್ಲಿನ್ ಎರಡು ಸಲ 'ಅಪ್ಪಾ' ಎನ್ನುತ್ತ ನೆಂಟನ ಕಡೆ ತಿರುಗಿ, ಎರಡು ಸಲವೂ ಮುದುಕಿಯಿಂದ ತಿವಿಸಿಕೊಂಡ. ಎಲಿಹಿಯೊ ಹಲ್ಲು ಕಚ್ಚಿಕೊಂಡು ಸಕ್ಕರೆ ತಂದುಕೊಟ್ಟ.

ಕೊನೆಗೆ ಸೋತೊ ಎದ್ದು, ತಿಯೋಫಿಲೊನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಟ್ಟುಸಿರು ಬಿಟ್ಟ. ಹುಡುಗ ಅಪ್ಪಟ ಚಿನ್ನ, ಆದರೆ ಕ್ಲಬ್ಬಿಗೆ ಈ ಸಲ ಬೇಕಾಗಿರುವುದು ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನೆಲಕ್ಕಂಟಿಕೊಂಡು ಓಡಾಡುವ ಗಿಡ್ಡ ಆಟಗಾರ ಎಂದ.

"ಇಂಥಾ ಅಪ್ಪನ ಮಗ ಇನ್ನೆರಡು ವರ್ಷಕ್ಕೆ ತೆಂಗಿನ ಮರ ಆಗ್ತಾನೆ. ಅವನು ಬಗ್ಗೋದ್ರೊಳಗೆ ಚೆಂಡು ದಾಟಿ ಹೋಗಿರುತ್ತೆ."

ಎಲಿಹಿಯೊ ಬಟ್ಟಲು ಕೆಳಗಿಟ್ಟ. "ದೋನ್ ಸೋತೊ, ಅಪ್ಪ ನಾನು."

ಮಿರೇಯಾ ಹೌದೆಂದಳು, ಯೆರ್ಲಿನ್ ಹೌದೆಂದ, ಬಾಯಲ್ಲಿದ್ದ ಮೀನು ನುಂಗಿ ತಿಯೋಫಿಲೊ ಕೂಡ ಹೌದೆಂದ. ಸೋತೊ ನಕ್ಕುಬಿಟ್ಟ. ಬೇಡವೆಂದ ತಕ್ಷಣ ಅಪ್ಪನನ್ನೇ ಬದಲಾಯಿಸುವ ಮನೆ ಇದೇ ಮೊದಲಲ್ಲವಂತೆ. ಎಲಿಹಿಯೊ ಕಾಗದಪತ್ರ ತೋರಿಸಲು ಹೋದರೆ, ಅಂಥವನ್ನೂ ಬೇಕಾದಷ್ಟು ನೋಡಿದ್ದೇನೆ ಎಂದ.

ಎಲಿಹಿಯೊ ಬಿಡಲಿಲ್ಲ. ಕಾರಿನವರೆಗೂ ಬೆನ್ನು ಹತ್ತಿ ಹೋದ. ಸೋತೊ ಬಾಗಿಲು ತೆಗೆದವನು ಒಂದು ಕ್ಷಣ ನಿಂತು, ಅವನ ಗಿಡ್ಡ ಕಾಲುಗಳನ್ನೂ ಅಗಲ ಭುಜಗಳನ್ನೂ ಆಸೆಯಿಂದ ನೋಡಿದ.

"ಬೇಜಾರು ಮಾಡ್ಕೋಬೇಡಿ," ಎಂದ. "ಆ ಹುಡುಗ ನಿಜವಾಗ್ಲೂ ನಿಮ್ಮ ಮಗ ಆಗಿದ್ದಿದ್ರೆ, ಇವತ್ತೇ ಸಹಿ ಹಾಕಿಸ್ಕೊಂಡು ಹೋಗ್ತಿದ್ದೆ."