ಅಮಾವಾಸ್ಯೆಗೆ ತೊಳೆದ ಮಷಿನ್

ಅಂದಪ್ಪನಿಗೆ ಆ ದಿನ ಮೊದಲು ಸಿಟ್ಟು ಬಂದದ್ದು ಗಾಳಿಯ ಮೇಲೆ. ಹಿಂದಿನ ಸಂಜೆ ಬೀಸಿದ ಬಿರುಗಾಳಿ ಇಳಕಲ್ಲಿನ ಹೊರಗಿದ್ದ ಅವರ ಹೊಲದ ಮುದಿ ಜಾಲಿಮರವನ್ನು ಕಿತ್ತು, ಬೀಳಲು ಬೇರೆ ಜಾಗವೇ ಇಲ್ಲವೆಂಬಂತೆ ಅವನ ಅಣ್ಣ ನಾಗಲಿಂಗನ ಸಮಾಧಿಯ ಗದ್ದುಗೆಯ ಮೇಲೆ ಅಡ್ಡ ಕೆಡವಿತ್ತು. ನಾಗಲಿಂಗ ಲಿಂಗೈಕ್ಯನಾಗಿ ನಾಳೆಗೆ ಒಂದು ವರ್ಷ. ಬೆಳಗಾದರೆ ಮಠದ ಅಯ್ಯನವರು ಪೂಜೆಗೆ ಬರುವರು. ಅಷ್ಟರೊಳಗೆ ಮರ ಸರಿಯಬೇಕು.

"ನಾ ಅದೀನಲ್ಲ ವೈನಿ! ಅಣ್ಣನ ಮಷಿನ್ ಐತಿ. ಮಧ್ಯಾಹ್ನದೊಳಗ ತುಂಡು ಮಾಡಿ ಒಗಿತೀನಿ," ಎಂದು ಅವನು ಅತ್ತಿಗೆ ಗುರುಲಿಂಗವ್ವನಿಗೆ ಮಾತು ಕೊಟ್ಟಿದ್ದ.

ಮರ ಕೊಯ್ಯುವ ಆ ಮಷಿನ್ನು ಹತ್ತು ವರ್ಷ ಅಣ್ಣನ ಕೈಯಲ್ಲಿ ದುಡಿದದ್ದು. ಪ್ರತಿ ಅಮಾವಾಸ್ಯೆಗೆ ಅಣ್ಣ ಅದರ ಚೈನು ಬಿಚ್ಚಿ ತೊಳೆದು ಪೂಜೆ ಮಾಡುತ್ತಿದ್ದ. ನಿನ್ನೆ ಅಮಾವಾಸ್ಯೆ. ವರ್ಷದ ಹೊತ್ತಿಗಾದರೂ ಅಣ್ಣನ ಪದ್ಧತಿ ನಡೆಯಲಿ ಎಂದು ಅಂದಪ್ಪನೂ ಮೊದಲ ಸಲ ಚೈನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಮತ್ತೆ ಹಾಕಿ, ಮೂರು ಬೆರಳು ವಿಭೂತಿ ಎಳೆದು ಕಾಯಿ ಒಡೆದಿದ್ದ.

ಇಷ್ಟೆಲ್ಲ ಮಾಡಿಸಿಕೊಂಡ ಮಷಿನ್ನು ಇಂದು ಜಾಲಿಯ ಬೊಡ್ಡೆಗೆ ತಾಗಿ ಒದರಿತು, ಹೊಗೆ ಬಿಟ್ಟಿತು, ಮರ ಮಾತ್ರ ಕೊಯ್ಯಲಿಲ್ಲ. ಬೆಕ್ಕು ಕೆರೆದಂಥ ಒಂದು ಗೆರೆ ಬಿದ್ದಿತು, ಅಷ್ಟೆ.

"ಅಂದಪ್ಪ, ಆ ಚೈನ್..." ಎಂದಳು ಗುರುಲಿಂಗವ್ವ.

"ವೈನಿ, ಸುಮ್ನಿರ್ರಿ! ಇದು ರೊಟ್ಟಿ ಬಡಿಯೂ ಕೆಲಸಲ್ಲ, ಮಷಿನ್ ಕೆಲಸ!"

ಪಕ್ಕದ ಹೊಲದಿಂದ ನಿವೃತ್ತ ವಿಜ್ಞಾನ ಮಾಸ್ತರ ದತ್ತಾತ್ರೇಯರು ಬಿಳಿ ಧೋತರ ಎತ್ತಿ ಹಿಡಿದು ಬಂದರು. ಯಾರೂ ಕರೆದಿರಲಿಲ್ಲ.

"ಪವರ್ ಸಾಲವಲ್ದು ಅಂದಪ್ಪ. ನೋಡಿಲ್ಲೆ, ಮೊಬೈಲಿನ್ಯಾಗ ತೋರಸ್ಯಾರ. ಸೈಲೆನ್ಸರಿಗೆ ಎರಡು ತೂತು ಹೊಡದ್ರ ಎಂಜಿನ್ನಿಗೆ ಉಸಿರಾಡ್ಲಿಕ್ಕೆ ದಾರಿ ಆಗ್ತದ."

ಮಾಸ್ತರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಂದಪ್ಪ ಅಫ್ಸರನ ಅಂಗಡಿಗೆ ಹೋದ. ಅಫ್ಸರನಿಗೆ ಗ್ರಾನೈಟ್ ಕೊರೆಯುವ, ಪಾಲಿಶ್ ಹೊಡೆಯುವ ಮಷಿನ್ನುಗಳ ರಿಪೇರಿ ಗೊತ್ತು. ಉಳಿದದ್ದನ್ನು ಅವನು ಧೈರ್ಯದಿಂದ ಮಾಡುತ್ತಿದ್ದ. ಎರಡು ತೂತು ಕೇಳಿದರೆ ನಾಲ್ಕು ಹೊಡೆದುಕೊಟ್ಟ.

ಹೊಲಕ್ಕೆ ಬಂದು ಚಾಲೂ ಮಾಡಿದರೆ ಕಲ್ಲಿನ ಕ್ವಾರಿಯಲ್ಲಿ ಮದ್ದು ಹಾರಿದಂಥ ಸದ್ದು. ಹಗ್ಗ ಹರಿದ ಎಮ್ಮೆಯೊಂದು ಊರ ಕಡೆ ಓಡಿತು. ತೂತುಗಳಿಂದ ಬಂದ ಕರಿ ಹೊಗೆ ಮಾಸ್ತರ ಧೋತರಕ್ಕೆ ಒಲೆಯ ಹಿಂದಿನ ಗೋಡೆಯ ಬಣ್ಣ ಕೊಟ್ಟಿತು. ಮರದ ಮೇಲೆ ಮತ್ತೆ ಅದೇ ಗೆರೆ.

"ಅಂದಪ್ಪ, ಒಂದೀಟು ಕೇಳಿಲ್ಲೆ, ಅದರ ಹಲ್ಲು..."

"ವೈನೀ! ಬಾಯಿ ಮುಚ್ಚಿ ಕುಂದರ್ರಿ ಅಂತ ಎಷ್ಟು ಸಲ ಹೇಳ್ಲಿ?"

ಗುರುಲಿಂಗವ್ವ ಬೇಲಿಯ ನೆರಳಿಗೆ ಹೋಗಿ ಬಾಯಿ ಮುಚ್ಚಿ ಕುಳಿತಳು.

ಮತ್ತೆ ಅಫ್ಸರನ ಅಂಗಡಿ. "ಹೊಗಿ ಹೊರಗ ಹೋಗೂ ಕಿಂಡಿ ಸಣ್ಣದೈತ್ರಿ ಅಣ್ಣಾ," ಎಂದ ಅವನು. "ಅಗಲ ಮಾಡಿ, ಗ್ರಾನೈಟಿಗೆ ಹೊಡದಂಗ ಒಳಗ ಪಾಲಿಶ್ ಹೊಡಿತೀನಿ. ನಿಮ್ಮ ಮುಖ ಕಾಣಬೇಕು!"

"ನನಗ ಮುಖ ನೋಡೂದಿಲ್ಲಲೇ, ಮರ ಕೊಯ್ಯೂದೈತಿ! ಲಗೂನ ಮುಗಸು!"

ಅಫ್ಸರ ಕಿಂಡಿ ತೀಡಿದ, ಪಾಲಿಶ್ ಹೊಡೆದ. "ಇನ್ನ ತೊಳದು..." ಎನ್ನುವಷ್ಟರಲ್ಲಿ ಅಂದಪ್ಪ ಮೇಜು ಗುದ್ದಿದ. ಮೇಜಿನ ಮೇಲಿದ್ದ ಚಹಾ ಮಾಸ್ತರ ಧೋತರದಲ್ಲಿ ಉಳಿದಿದ್ದ ಬಿಳಿ ಭಾಗಕ್ಕೆ ಬಿತ್ತು. ಮಷಿನ್ನು ಹಾಗೆಯೇ ಜೋಡಣೆಯಾಯಿತು. ತನ್ನ ಕೆಲಸದ ಚಂದ ನೋಡಲು ಅಫ್ಸರನೂ ಬೈಕಿನಲ್ಲಿ ಹಿಂದೆ ಬಂದ.

ಹೊತ್ತು ಇಳಿಯುತ್ತಿತ್ತು. ಈ ಸಲ ಮಷಿನ್ನಿನ ಅಬ್ಬರಕ್ಕೆ ಅಂದಪ್ಪನ ಹಲ್ಲುಗಳೂ ಅಲುಗಾಡಿದವು. ಮಾಸ್ತರು ಬಗ್ಗಿ ಯಾವುದೋ ಸ್ಕ್ರೂ ತಿರುಗಿಸಿ ಅಬ್ಬರ ಇನ್ನಷ್ಟು ಏರಿಸಿದರು. ಮರದಿಂದ ಹೊಗೆ ಎದ್ದಿತು, ಸುಟ್ಟ ವಾಸನೆ ಬಂತು. ಹೊಟ್ಟು ಹಿಡಿಯಷ್ಟೂ ಬೀಳಲಿಲ್ಲ.

ಅಂದಪ್ಪ ಮಷಿನ್ನು ಆರಿಸಿ ನೆಲಕ್ಕೆ ಕುಕ್ಕಿದ. ಗಾಳಿಯನ್ನು ಬೈದ, ಮರವನ್ನು ಬೈದ, ಮಾಸ್ತರನ್ನೂ ಅವರ ಮೊಬೈಲನ್ನೂ ಬೈದ. ಬೈಯಲು ಇನ್ನಾರೂ ಉಳಿಯದೆ ಗದ್ದುಗೆಯ ಕಡೆ ತಿರುಗಿದ.

"ಹತ್ತು ವರ್ಷ ಬರೇ ಟೊಂಗಿ ಎಳಸಿದಿ! ಒಂದಿನಾ ಕೂಡಿಸಿಕೊಂಡು ಕಲಸಿದ್ಯಾ? ಹಂಗ ಎದ್ದು ಹೋಗಿಬಿಟ್ಟಿ! ನಾಳೆ ಅಯ್ಯನವರಿಗೆ ಏನ್ ತೋರಸ್ಲಿ? ನಿನ್ನ ಎದಿ ಮ್ಯಾಲ ಬಿದ್ದ ಮರಾನ?"

ಧ್ವನಿ ಒಡೆಯಿತು. ಶಿವ ಮನುಷ್ಯನಿಗೆ ಸಿಟ್ಟನ್ನು ಯಾಕೆ ಕೊಟ್ಟನೋ. ದುಃಖ ಬರಿಮೈಯಲ್ಲಿ ನಾಲ್ಕು ಜನರ ಮುಂದೆ ಬರಬಾರದೆಂದು ಕೊಟ್ಟಿರಬೇಕು.

ಗುರುಲಿಂಗವ್ವ ಎದ್ದು ಬಂದು ಮಷಿನ್ನಿನ ಮುಂದೆ ಕುಳಿತಳು. "ಈಗ ಬಾಯಿ ತಗೀಲ್ಯೋ?"

ಅವಳು ಚೈನಿನ ಹಲ್ಲಿನ ಮೇಲೆ ಬೆರಳಿಟ್ಟಳು.

"ಚೈನ್ ಉಲ್ಟಾ ಹಾಕೀದಿ. ಮ್ಯಾಗಿನ ಹಲ್ಲು ಮುಂದ ಮುಖ ಮಾಡಬೇಕು, ಇವು ನಿನ್ನ ಕಡೆ ನೋಡಾಕತ್ತಾವ. ನಿಮ್ಮಣ್ಣ ಅಮಾಸಿಗೊಮ್ಮೆ ನನ್ನ ಮುಂದ ಕುಂತು ಹಾಕ್ತಿದ್ದ. ವಿಭೂತಿ ಹಚ್ಚಾಕಿ ನಾನ."

ಮಾಸ್ತರು ಕನ್ನಡಕ ಏರಿಸಿ ನೋಡಿದರು. "ಖರೆ ಅದ," ಎಂದು ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

"ಮುಂಜಾನಿನ ಹೇಳಬಾರದೇನ್ರಿ ವೈನಿ!" ಎಂದು ಅಂದಪ್ಪ ಚೀರಿದ.

"ಬಾಯಿ ಮುಚ್ಚು ಅಂದಿ. ಮುಚ್ಚಿದ್ನಿ."

ಅಂದಪ್ಪ ಹಲ್ಲು ಕಚ್ಚಿ ಚೈನು ಬಿಚ್ಚಿ, ಅವಳ ಮುಂದೆಯೇ ಕುಳಿತು ಸರಿಯಾಗಿ ಹಾಕಿದ. ಚಾಲೂ ಮಾಡಿ ಬೊಡ್ಡೆಗೆ ಮುಟ್ಟಿಸಿದ್ದೇ ತಡ, ಹೊಟ್ಟು ಚುರುಮುರಿಯಂತೆ ಹಾರಿತು. ಮಷಿನ್ನು ಬೆಣ್ಣೆಯಲ್ಲಿ ಇಳಿದಂತೆ ಒಂದು ಗೇಣು ಒಳಗೆ ಇಳಿಯಿತು. ಅಂದಪ್ಪ ಆ ದಿನ ಮೊದಲ ಬಾರಿಗೆ ನಕ್ಕ.

ಆಗ ಒಳಗೆ ಟಕ್ ಎಂದಿತು. ಎಂಜಿನ್ ನಿಂತಿತು. ಚಾಲೂ ಮಾಡುವ ದಾರ ಜಗ್ಗಿದರೆ ಕಲ್ಲಿಗೆ ಕಟ್ಟಿದಂತೆ ಅಲುಗಲಿಲ್ಲ.

ಅಫ್ಸರ ಪ್ಲಗ್ ಬಿಚ್ಚಿ ಕಿರುಬೆರಳು ಇಟ್ಟು ನೋಡಿದ. ಬೆರಳಿಗೆ ಬೂದು ಬಣ್ಣದ ಎಣ್ಣೆಗೆಸರು ಹತ್ತಿತು. "ಪಾಲಿಶ್ ಪುಡಿ ಒಳಗ ಉಳಿದೈತ್ರಿ ಅಣ್ಣಾ. ಎಂಜಿನ್ ಹಿಡದಬಿಡ್ತು."

"ತೊಳೀಬೇಕಿಲ್ಲೇನಲೇ!"

"ಅದನ್ನ ಹೇಳಾಕ ಬಾಯಿ ತಗದ್ನಿ. ನೀವು ಮೇಜ ಗುದ್ದಿದ್ರಿ."

ಅಂದಪ್ಪ ಬೈಯಲು ಬಾಯಿ ತೆರೆದ. ಇಡೀ ದಿನ ಬೈದೂ ಬೈದೂ ಒಳಗೆ ಒಂದು ಮಾತೂ ಉಳಿದಿರಲಿಲ್ಲ.

ಗುರುಲಿಂಗವ್ವ ಬೇಲಿಯ ಬುಡದಿಂದ ಗೋಣಿಚೀಲ ಸುತ್ತಿದ ಉದ್ದನೆಯ ವಸ್ತುವನ್ನು ಎಳೆದು ತಂದು ಬಿಚ್ಚಿದಳು. ಎರಡೂ ತುದಿಗೆ ಹಿಡಿಕೆ ಇರುವ, ಮಷಿನ್ನು ಬರುವ ಮೊದಲು ನಾಗಲಿಂಗ ಬಳಸುತ್ತಿದ್ದ ಹಳೆಯ ಗರಗಸ. ಬೆಳಗಿನಿಂದ ಅಲ್ಲೇ ಇತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಒಂದು ಹಿಡಿಕೆ ಹಿಡಿದಳು.

ಅಂದಪ್ಪ ಇನ್ನೊಂದಕ್ಕೆ ಕೈ ಹಾಕುವ ಮೊದಲು ಬಗ್ಗಿ, ಹಲ್ಲುಗಳು ಯಾವ ಕಡೆ ಇವೆಯೆಂದು ಕಣ್ಣು ಕಿರಿದು ಮಾಡಿ ನೋಡತೊಡಗಿದ.

"ಏನ್ ನೋಡ್ತಿ? ಹಿಡಿ," ಎಂದಳು ಗುರುಲಿಂಗವ್ವ. "ಇದಕ್ಕ ಹಿಂದ ಮುಂದ ಇಲ್ಲ. ನಿಮ್ಮಣ್ಣ ನಿನ್ನ ಸಲುವಾಗಿನ ಇಟ್ಟು ಹೋಗ್ಯಾನ."