ಜಾತಕದ ಕಂಪ್ಯೂಟರಿನ ನಿಧಾನವನ್ನು ವಾಪಸು ಕೊಡುವ ಬಗ್ಗೆ

ಸಾಗರ,
ಮಾಘ ಮಾಸ, 1989

ಶಿವಮೊಗ್ಗೆಯ 'ಶೀಘ್ರಗತಿ ಕಂಪ್ಯೂಟರ್ಸ್' ಸಂಸ್ಥೆಯ ವ್ಯವಸ್ಥಾಪಕರಾದ ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿ ಕರಿ ಸ್ಪಂಜಿನ ಮೇಲೆ ಮಲಗಿರುವ ಚಿಪ್ಪುಗಳೂ ಕ್ಷೇಮವೆಂದು ನಂಬಿ ನಮಸ್ಕರಿಸುತ್ತೇನೆ. ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ಜಾತಕ ಕೇಂದ್ರ ನಡೆಸುತ್ತಿರುವ ಹೇರಂಬ ಹೆಗಡೆಯಾದ ನಾನು, ತಮ್ಮ ಸೇವೆಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ ಎಂಬ ಒಂದೇ ಕಾರಣಕ್ಕಾಗಿ ಈ ದೂರನ್ನು ಬರೆಯಬೇಕಾಗಿ ಬಂದಿದೆ. ತಮ್ಮ ಕೀರ್ತಿ ನಾಲ್ಕು ಜನರಿಗೆ ತಿಳಿಯಲೆಂದು ಇದರ ಒಂದು ಪ್ರತಿಯನ್ನು ಊರಿನ ವಾರಪತ್ರಿಕೆಗೂ ಕೊಟ್ಟಿದ್ದೇನೆ.

ತಾವೇ ಜೋಡಿಸಿ, ಮುಚ್ಚಳ ಬಿಗಿದು, ಸೀಲು ಹಾಕಿ ಕಳುಹಿಸಿದ ಆ ಡೆಸ್ಕ್‌ಟಾಪ್ ಯಂತ್ರ ನಮ್ಮಲ್ಲಿಗೆ ಬಂದಾಗ, ಎರಡು ಜಾತಕ ಹೊಂದಿಸಿ ನೋಡಲು ಅದಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತಿತ್ತು. ಗಂಡಿನ ಕಡೆಯವರು ಒಂದು ಬೆಂಚಿನಲ್ಲಿ, ಹೆಣ್ಣಿನ ಕಡೆಯವರು ಎದುರು ಬೆಂಚಿನಲ್ಲಿ, ಸಾಲ ವಸೂಲಿಗೆ ಬಂದವರಂತೆ ಮುಖ ಬಿಗಿದುಕೊಂಡು ಕೂರುವರು. ಯಂತ್ರ ಗುಂಯ್ಯೆನ್ನುವುದು. ಸ್ವಲ್ಪ ಹೊತ್ತಿನಲ್ಲಿ ಯಾರೋ ಎಲೆಯಡಿಕೆ ಕವಳದ ಸಂಚಿ ಬಿಚ್ಚುವರು, ಎದುರು ಬೆಂಚಿನವರಿಗೆ ಸುಣ್ಣ ಬೇಕಾಗುವುದು, ಸುಣ್ಣ ಈಚೆಯಿಂದ ಆಚೆಗೆ ದಾಟಿದ ಮೇಲೆ ಮಾತು ದಾಟಲು ಎಷ್ಟು ಹೊತ್ತು? "ಇಕ್ಕೇರಿ ವೆಂಕಮ್ಮ ನಿಂಗೊಕ್ಕೆ ಎಂತ ಆಗ್ತು?" ಎಂದು ಒಬ್ಬರು, "ಸ್ವಂತ ಚಿಕ್ಕಮ್ಮ!" ಎಂದು ಇನ್ನೊಬ್ಬರು. ಪ್ರಿಂಟರು ಕಿರಿಚುವ ಹೊತ್ತಿಗೆ ಎರಡೂ ಕಡೆಯವರು ಒಂದೇ ಬೆಂಚಿಗೆ ಬಂದಿರುತ್ತಿದ್ದರು. ಯಂತ್ರ ಏನು ಹೇಳಿತೆಂದು ಕೇಳುವ ಸೌಜನ್ಯವೂ ಅವರಲ್ಲಿ ಉಳಿದಿರುತ್ತಿರಲಿಲ್ಲ.

ಈ ನಿಧಾನವನ್ನು ನಾನು ರೋಗವೆಂದು ತಿಳಿದದ್ದು ತಮ್ಮ ಜಾಹೀರಾತಿನ ಕೃಪೆ. ಕಾರ್ಯಕ್ಷಮತೆ ಹೆಚ್ಚಿಸುತ್ತೇವೆಂದು ತಾವು ಬರೆದಿರಿ, ನಾನು ಹೂಂ ಅಂದೆ, ತಮ್ಮ ಟೈ ಕಟ್ಟಿದ ಮಹಾಶಯರೊಬ್ಬರು ಬಂದು, ಒಳಗೆ ಖಾಲಿಯಿದ್ದ ಕಿಂಡಿಯಲ್ಲಿ ಗಣಿತ ಬಲ್ಲ ಹೊಸ ಚಿಪ್ಪೊಂದನ್ನು ಕೂರಿಸಿ, ಮೆಮೊರಿಯನ್ನೂ ಹೆಚ್ಚಿಸಿ, ಹೊಸ ಸೀಲು ಹಾಕಿ ಹೋದರು. 'ಕೈಗೆ ಚಿಪ್ಪು ಕೊಟ್ಟರು' ಎಂದು ಜನ ಸುಮ್ಮನೆ ಬಾಯಿಮಾತಿಗೆ ಹೇಳುತ್ತಾರೆ. ತಾವು ಮಾತ್ರ ಅದನ್ನು ರಸೀತಿಯ ಸಮೇತ ಮಾಡಿ ತೋರಿಸಿದಿರಿ.

ಅಂದಿನಿಂದ, ಜನ ಪಂಚೆ ಸರಿಮಾಡಿಕೊಂಡು ಕೂರುವುದರೊಳಗೆ ಉತ್ತರ ಹೊರಬರತೊಡಗಿತು. ಹೊಸನಗರದ ಕಡೆಯಿಂದ ಮಗಳ ಜಾತಕ ಹಿಡಿದು ಬಂದಿದ್ದ ಗಿರಿಯಪ್ಪನವರು ಕಾಗದವನ್ನು ಮುಟ್ಟಲೂ ಇಲ್ಲ. "ಇಷ್ಟೇನಾ ಸ್ವಾಮಿ? ಎರಡು ಬಸ್ ಹತ್ತಿ ಇಳಿದು ಬಂದೀವಿ. ಒಂದ್ಸಲ ಸರಿಯಾಗಿ ಯೋಚ್ನೆ ಮಾಡೋಕೆ ಹೇಳಿ ಅದಕ್ಕೆ," ಎಂದರು. ಅದು ಯೋಚಿಸಿಯೇ ಹೇಳಿದೆ ಎಂದು ತಮ್ಮ ಪರವಾಗಿ ನಾನು ವಾದಿಸಿದೆ. ಗಂಡಿನ ಕಡೆಯವರು ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡಾಗಿತ್ತು. ನಮ್ಮ ಕೇಂದ್ರದಲ್ಲೇ ಕೀಲಿಮಣೆಯ ಮುಂದೆ ಕೂರುವ ನನ್ನ ತಂಗಿಯ ಮಗಳು ವಾಗ್ದೇವಿಗೆ ಬಂದಿದ್ದ ಎರಡು ಸಂಬಂಧಗಳೂ ಇದೇ ಶೀಘ್ರಗತಿಯಲ್ಲಿ ಬಾಗಿಲು ದಾಟಿದವು.

ಮೂರನೆಯದು ಕಾರ್ಗಲ್ಲಿನಿಂದ ಬಂತು. ಅಲ್ಲಿ ವಿದ್ಯುತ್ ಯೋಜನೆಯಲ್ಲಿ ಕಿರಿಯ ಎಂಜಿನಿಯರಾಗಿರುವ ಉಮಾಮಹೇಶ್ವರ, ಜೊತೆಗೆ ಅವನ ದೊಡ್ಡಪ್ಪ ಸುಬ್ಬರಾಯರು. ಹತ್ತು ಬೆರಳಲ್ಲಿ ಪಟಪಟನೆ ಟೈಪು ಮಾಡುವ ನಮ್ಮ ವಾಗ್ದೇವಿ ಅಂದು ಆ ಹುಡುಗನ ಜನನಕಾಲವನ್ನು ಒಂದೇ ಬೆರಳಲ್ಲಿ, ಅಕ್ಷರಾಭ್ಯಾಸದ ಮಗುವಿನಂತೆ ಒತ್ತುತ್ತಿದ್ದುದನ್ನು ಕಂಡು ನನಗೆ ವಿಷಯ ತಿಳಿಯಿತು. ತಮ್ಮ ಚಿಪ್ಪಿಗೆ ಅಂಥ ದಾಕ್ಷಿಣ್ಯಗಳಿಲ್ಲವಲ್ಲ! ನನ್ನ ತಂಗಿ ಶರಾವತಿ ತಂದ ಕಾಫಿಲೋಟ ಬೆಂಚು ಮುಟ್ಟುವ ಮೊದಲೇ 'ಗುಣ ಸಾಲದು' ಎಂದು ಅಚ್ಚಾಯಿತು.

ಸುಬ್ಬರಾಯರು ಶಾಲು ಕೊಡವಿ ಎದ್ದರು. "ಇನ್ನೆಂತಕ್ಕೆ ಕೂರದು? ಮುಂದಿನ ಬಸ್ಸಿಗೆ ಹೋಪನ." ಶರಾವತಿ ಲೋಟ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿದಳು. ಹುಡುಗ ಏಳಲಿಲ್ಲ.

"ದೊಡ್ಡಪ್ಪ, ಕೂತ್ಕ. ಇಷ್ಟು ಗಡಿಬಿಡಿ ಮಾಡ್ತು ಅಂದ್ರೆ ಇದರ ಒಳಗೆ ಎಂತದೋ ಇದ್ದು. ಬಿಚ್ಚಿ ನೋಡ್ತಿ," ಎಂದ.

"ಸೀಲು ಇದ್ದು. ಬಿಚ್ಚಿರೆ ಗ್ಯಾರಂಟಿ ಹೋಗ್ತು," ಎಂದಳು ವಾಗ್ದೇವಿ.

"ಸೀಲು ಇದ್ರೆ ಮಾತ್ರ ಎಂತದಕ್ಕೆ ಗ್ಯಾರಂಟಿ ಇದ್ದು?"

ಅವಳು ಮೇಜಿನ ಡ್ರಾಯರಿನಿಂದ ಸ್ಕ್ರೂಡ್ರೈವರು ತಂದುಕೊಟ್ಟಳು. ಅವನು ಮುಚ್ಚಳ ತೆಗೆದ, ಅವಳು ಟಾರ್ಚು ಹಿಡಿದಳು. ಮಟಮಟ ಮಧ್ಯಾಹ್ನ ಟಾರ್ಚು ಯಾಕೆಂದು ಸೋದರಮಾವನಾದ ನಾನು ಕೇಳಲಿಲ್ಲ. ಇಬ್ಬರೂ ಸೇರಿ ತಮ್ಮ ಅಮೂಲ್ಯ ಚಿಪ್ಪನ್ನು ಹಲ್ಲು ಕೀಳುವಂತೆ ಮೆಲ್ಲಗೆ ಕಿತ್ತು, ಒಳಗಿನ ಪುಟ್ಟ ಸ್ವಿಚ್ಚನ್ನು ಹಿಂದಕ್ಕೆ ಸರಿಸಿ, ಲೆಕ್ಕವನ್ನು ಮೊದಲಿನಿಂದ ಶುರುಮಾಡಿದರು. ಆಹಾ, ಆ ಹಳೆಯ ಗುಂಯ್‌ಕಾರ!

ಸುಬ್ಬರಾಯರು ಮೊದಲು ಬೆಂಚಿನ ತುದಿಯಲ್ಲಿ, ಆಮೇಲೆ ನಡುವಿನಲ್ಲಿ, ಕೊನೆಗೆ ಗೋಡೆಗೆ ಒರಗಿ ಕೂತರು. ಕವಳವಾಯಿತು. ತೀರ್ಥಹಳ್ಳಿಯ ಅವರ ಬೀಗರೊಬ್ಬರನ್ನು ನಾವಿಬ್ಬರೂ ಒಂದೇ ಪ್ರಮಾಣದಲ್ಲಿ ದ್ವೇಷಿಸುತ್ತೇವೆಂಬುದು ಪತ್ತೆಯಾಯಿತು. ಇದಕ್ಕಿಂತ ಗಟ್ಟಿಯಾದ ನೆಂಟಸ್ತಿಕೆ ಉಂಟೇ? ಯಂತ್ರದ ಬದಿಯಲ್ಲಿ ಹುಡುಗ ಹುಡುಗಿ ಏನು ಮಾತಾಡಿಕೊಂಡರೋ ಆ ಬೀಗರನ್ನು ಬೈಯುವ ಗಲಾಟೆಯಲ್ಲಿ ನನಗೆ ಕೇಳಲಿಲ್ಲ. ಪ್ರಿಂಟರು ಕಿರಿಚಿದಾಗ ನಾವು ಛತ್ರದ ವಿಚಾರಕ್ಕೆ ಬಂದಿದ್ದೆವು.

ತಮಗೆ ಸಂತೋಷವಾಗುವ ಸಂಗತಿಯೆಂದರೆ, ಉತ್ತರ ಮತ್ತೆ ಅದೇ: ಗುಣ ಸಾಲದು. ತಮ್ಮ ಚಿಪ್ಪಿನ ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಸುಬ್ಬರಾಯರು ಕನ್ನಡಕ ಏರಿಸಿ ಓದಿ, "ಪಾಪ, ಅದಕ್ಕೆ ಎಂತ ಗೊತ್ತು," ಎಂದು ಆ ಕಾಗದದಲ್ಲಿ ಉಳಿದ ಅಡಿಕೆ ಹೋಳು ಕಟ್ಟಿಕೊಂಡರು. ಬೇಸಗೆಗೆ ಮದುವೆ ನಿಶ್ಚಯವಾಗಿದೆ.

ಆದ್ದರಿಂದ ಮಾನ್ಯರೇ, ಚಿಪ್ಪನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೇನೆ. ಅದನ್ನು ತಾಳಗುಪ್ಪಕ್ಕೆ ಹೋಗುವ ರೈಲಿಗೋ, ನನ್ನ ಅಜ್ಜ ಹೂಡಿ ಹೋದ ಗಡಿ ದಾವೆಗೋ ಅಳವಡಿಸಿದರೆ ಲೋಕೋಪಕಾರವಾದೀತು. ನಮ್ಮ ಯಂತ್ರವನ್ನು ಇನ್ನೂ ಸುಧಾರಿಸಲೇಬೇಕೆಂಬ ಹಟವಿದ್ದಲ್ಲಿ, ಕಾಫಿ, ಊಟ, ಊಟದ ಮೇಲಿನ ನಿದ್ದೆ ಎಂಬ ಮೂರು ವೇಗಗಳ ಗುಂಡಿಯೊಂದನ್ನು ಕೂರಿಸಿಕೊಡಿ. ನಾಲ್ಕನೆಯ ವೇಗವೊಂದನ್ನು ಗಿರಿಯಪ್ಪನವರಿಗಾಗಿ ಇಡಿ. ಅವರ ಮಗಳಿಗೆ ಇನ್ನೂ ಗಂಡು ಗೊತ್ತಾಗಿಲ್ಲ, ಅವರನ್ನು ಮತ್ತೆ ಬರಹೇಳಿದ್ದೇನೆ, ಇಡೀ ದಿನ ಕೂರಲು ಸಿದ್ಧರಾಗಿ ಬರುವುದಾಗಿ ತಿಳಿಸಿದ್ದಾರೆ.

ಸೀಲು ಒಡೆದವನ ಸಂಬಂಧಿಯಾಗಲಿರುವ,
ತಮ್ಮ ವಿಶ್ವಾಸಿ,
ಹೇರಂಬ ಹೆಗಡೆ

ತಾ.ಕ.: ತಮ್ಮ ಯಂತ್ರಕ್ಕೆ ಅನ್ಯಾಯವಾಗಬಾರದೆಂದು ಇದನ್ನೂ ತಿಳಿಸುತ್ತೇನೆ. ಲಗ್ನಪತ್ರಿಕೆಯ ಬಣ್ಣದ ವಿಷಯದಲ್ಲಿ ಹುಡುಗನಿಗೂ ಹುಡುಗಿಗೂ ಈಗಾಗಲೇ ಜಗಳ ಹತ್ತಿದೆ. ಅದರ ಸಲುವಾಗಿ ಅವನು ಪ್ರತಿ ಭಾನುವಾರ ಕಾರ್ಗಲ್ಲಿನಿಂದ ಬಂದು ಸಂಜೆಯವರೆಗೆ ವಾದಿಸಿ ಹೋಗುತ್ತಾನೆ. ಈ ಜಗಳವನ್ನು ಬೇಗ ಮುಗಿಸುವಂಥ ಚಿಪ್ಪು ತಮ್ಮ ಕಪಾಟಿನಲ್ಲಿ ಇದ್ದರೆ, ದಯಮಾಡಿ ಕಳುಹಿಸಬೇಡಿ.